ಬ್ರಾಹ್ಮಿ ತಿಂದರೆ ಪಾರ್ಕಿನ್ಸನ್ ಕಾಯಿಲೆ ಹೋಗುತ್ತದೆಯೇ? ಮೈಸೂರಿನ ಸಂಶೋಧನೆ ನಿಜಕ್ಕೂ ಹೇಳಿದ್ದೇನು?

ಮನೆಯ ಹಿರಿಯರೊಬ್ಬರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ ಎಂದು ಡಾಕ್ಟರು ಹೇಳಿದ ದಿನವೇ ಫ್ಯಾಮಿಲಿ ಗ್ರೂಪಿನಲ್ಲಿ ಸಲಹೆಗಳು ಬರಲು ಶುರುವಾಗುತ್ತವೆ. ಒಬ್ಬರು ಕಷಾಯ ಹೇಳುತ್ತಾರೆ, ಇನ್ನೊಬ್ಬರು ಎಣ್ಣೆ ಹೇಳುತ್ತಾರೆ. ಜೊತೆಗೆ ಫಾರ್ವರ್ಡ್‌ಗಳು. ಅವುಗಳಲ್ಲಿ ಒಂದು ಬಗೆಯದು ಹೀಗಿರುತ್ತದೆ: ಬ್ರಾಹ್ಮಿ ಸೊಪ್ಪು ಮೆದುಳಿನ ಜೀವಕೋಶ ಸಾಯದಂತೆ ಕಾಪಾಡುತ್ತದೆ, ಇದನ್ನು ವಿಜ್ಞಾನಿಗಳೇ ಒಪ್ಪಿದ್ದಾರೆ, ಇನ್ನು ಇಂಗ್ಲಿಷ್ ಮಾತ್ರೆ ಬೇಡ.

ಇಂಥ ಸಂದೇಶ ಪೂರ್ತಿ ಸುಳ್ಳಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಆದರೆ ಇದರೊಳಗೆ ಒಂದು ನಿಜವೂ ಇದೆ. ಬ್ರಾಹ್ಮಿ ಮತ್ತು ಪಾರ್ಕಿನ್ಸನ್ ಬಗ್ಗೆ ಸಂಶೋಧನೆ ನಡೆದಿದೆ, ಅದೂ ನಮ್ಮ ಮೈಸೂರಿನಲ್ಲೇ. ಹಾಗಾಗಿ ನಿಜ ಎಲ್ಲಿ ಮುಗಿಯುತ್ತದೆ, ಉತ್ಪ್ರೇಕ್ಷೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಬಿಡಿಸಿ ನೋಡೋಣ.

ಓದಲು ಪುರುಸೊತ್ತಿಲ್ಲದವರಿಗೆ ಚುಟುಕಾಗಿ:

• ಮೈಸೂರಿನಲ್ಲಿ ಸಂಶೋಧನೆ ನಡೆದದ್ದು ನಿಜ. ಆದರೆ ಅದು ನೊಣಗಳ ಮೇಲೆ ಮತ್ತು ಇಲಿಗಳ ಮೇಲೆ ನಡೆದದ್ದು, ರೋಗಿಗಳ ಮೇಲೆ ಅಲ್ಲ.
• ಪಾರ್ಕಿನ್ಸನ್‌ನಲ್ಲಿ ಮೆದುಳಿನ ಜೀವಕೋಶಗಳ ಸಾವನ್ನು ನಿಲ್ಲಿಸುತ್ತದೆ ಎಂದು ಸಾಬೀತಾದ ಔಷಧ ಇವತ್ತಿಗೂ ಇಲ್ಲ. ಸೊಪ್ಪಿನಲ್ಲೂ ಇಲ್ಲ, ಮಾತ್ರೆಯಲ್ಲೂ ಇಲ್ಲ.
• ಡಾಕ್ಟರು ಕೊಟ್ಟ ಮಾತ್ರೆಯನ್ನು ಫಾರ್ವರ್ಡ್ ನಂಬಿ ದಿಢೀರ್ ನಿಲ್ಲಿಸುವುದು ಅಪಾಯ.

ಮೆದುಳಿನಲ್ಲಿ ಆಗುವುದೇನು?

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರ ಬುಡಭಾಗದಲ್ಲಿ ಕಪ್ಪಗೆ ಕಾಣುವ ಒಂದು ಪುಟ್ಟ ಜಾಗವಿದೆ. ಅಲ್ಲಿನ ಕೆಲವು ಲಕ್ಷ ಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಕೈ ಎತ್ತುವುದು, ಹೆಜ್ಜೆ ಇಡುವುದು, ಅಂಗಿಯ ಗುಂಡಿ ಹಾಕುವುದು, ಇವೆಲ್ಲ ಸರಾಗವಾಗಿ ನಡೆಯಲು ಈ ಡೋಪಮಿನ್ ಬೇಕು.

ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುತ್ತವೆ. ಸಾಯುವ ಕೋಶಗಳೊಳಗೆ ಆಲ್ಫಾ-ಸೈನ್ಯೂಕ್ಲಿನ್ ಎಂಬ ಪ್ರೋಟೀನ್ ಗಂಟುಗಟ್ಟಿರುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೈ ನಡುಗುವುದು, ಮೈ ಬಿಗಿಯುವುದು, ನಡಿಗೆ ನಿಧಾನವಾಗುವುದು, ಅಕ್ಷರ ಚಿಕ್ಕದಾಗುವುದು, ದನಿ ಕ್ಷೀಣಿಸುವುದು ಹೀಗೆ ಲಕ್ಷಣಗಳು ಕಾಣುತ್ತವೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರಿಸಿ ಬರೆದರು, ಕಾಯಿಲೆಗೆ ಅವರ ಹೆಸರೇ ಉಳಿಯಿತು. ನಮ್ಮಲ್ಲಿ ಕಂಪವಾತ ಎನ್ನುವುದೂ ಉಂಟು.

ಇಲ್ಲೊಂದು ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ. ಕೈ ನಡುಗಲು ಶುರುವಾಗುವ ಹೊತ್ತಿಗೆ ಆ ಕಪ್ಪು ಜಾಗದ ಕೋಶಗಳಲ್ಲಿ ದೊಡ್ಡ ಪಾಲು ಆಗಲೇ ಸತ್ತಿರುತ್ತದೆ. ಅಂದರೆ ಕಾಯಿಲೆ ಕಣ್ಣಿಗೆ ಕಾಣುವ ಎಷ್ಟೋ ವರ್ಷ ಮೊದಲೇ ಒಳಗೆ ಶುರುವಾಗಿರುತ್ತದೆ.

ಮೈಸೂರಿನಲ್ಲಿ ನಡೆದದ್ದೇನು?

ಬಾಳೆಹಣ್ಣು ಮಾಗಿ ಕೊಳೆಯತೊಡಗಿದಾಗ ಅದರ ಸುತ್ತ ಹಾರಾಡುವ ಸಣ್ಣ ನೊಣಗಳನ್ನು ನೀವು ನೋಡಿದ್ದೀರಿ. ಅವುಗಳಿಗೆ ವಿಜ್ಞಾನದಲ್ಲಿ ಡ್ರಾಸೋಫಿಲಾ ಎನ್ನುತ್ತಾರೆ. ಅಡುಗೆಮನೆಯಲ್ಲಿ ಅವು ಕಿರಿಕಿರಿ, ಪ್ರಯೋಗಾಲಯದಲ್ಲಿ ಅವು ಆಸ್ತಿ. ಮಾನಸಗಂಗೋತ್ರಿಯಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ನೊಣಗಳ ತಳಿಗಳನ್ನು ಕಾಪಾಡಿಕೊಂಡು ಬರುವ ಕೇಂದ್ರವೇ ಇದೆ.

ಊರಿನ ಇನ್ನೊಂದು ದೊಡ್ಡ ಸಂಸ್ಥೆ ಸಿಎಫ್‌ಟಿಆರ್‌ಐ. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ. ಇಲ್ಲಿನ ರವಿಕುಮಾರ್ ಹೊಸಮನಿ ಮತ್ತು ಮುರಳೀಧರ ಅವರು 2009ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ಮಾಡಿದ್ದಿಷ್ಟು: ನೊಣಗಳಿಗೆ ರೋಟಿನೋನ್ ಎಂಬ ವಿಷ ಕೊಟ್ಟರು. ಕೆಲವು ಗಿಡಗಳ ಬೇರಿನಿಂದ ಸಿಗುವ ಈ ವಸ್ತುವನ್ನು ಕೀಟನಾಶಕವಾಗಿ ಬಳಸುತ್ತಿದ್ದರು. ಇದು ಮೈಟೋಕಾಂಡ್ರಿಯಾದ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ. ಇದನ್ನು ಇಲಿಗಳಿಗೆ ಕೊಟ್ಟಾಗ ಪಾರ್ಕಿನ್ಸನ್‌ನಂಥ ಲಕ್ಷಣ ಬರುತ್ತದೆ ಎಂದು 2000ದಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದ್ದರು.

ಮೈಸೂರಿನಲ್ಲಿ ಕೆಲವು ನೊಣಗಳಿಗೆ ವಿಷದ ಜೊತೆಯಲ್ಲೇ ಬ್ರಾಹ್ಮಿಯನ್ನೂ ಆಹಾರದಲ್ಲಿ ಬೆರೆಸಿ ಕೊಟ್ಟರು. ಆಮೇಲೆ ಒಂದು ಸರಳ ಪರೀಕ್ಷೆ. ನೊಣಗಳನ್ನು ಗಾಜಿನ ಕೊಳವೆಯಲ್ಲಿ ಹಾಕಿ ಮೆಲ್ಲಗೆ ತಟ್ಟಿದರೆ ಎಲ್ಲವೂ ತಳಕ್ಕೆ ಬೀಳುತ್ತವೆ. ಆರೋಗ್ಯವಂತ ನೊಣ ತಕ್ಷಣ ಗೋಡೆ ಹತ್ತುತ್ತದೆ. ವಿಷ ತಿಂದ ನೊಣ ತಳದಲ್ಲೇ ಒದ್ದಾಡುತ್ತದೆ. ಬ್ರಾಹ್ಮಿಯನ್ನೂ ತಿಂದ ನೊಣಗಳಲ್ಲಿ ಸಾವು ಕಡಿಮೆಯಾಯಿತು, ಉಳಿದವು ಚೆನ್ನಾಗಿ ಹತ್ತಿದವು, ಡೋಪಮಿನ್ ಅಷ್ಟಾಗಿ ಕುಸಿಯಲಿಲ್ಲ. 2012ರಲ್ಲಿ ಸಿಎಫ್‌ಟಿಆರ್‌ಐ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಸೇರಿ, ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲೂ ಇಲಿಗಳ ಮೆದುಳಿನಲ್ಲೂ ಇದೇ ದಿಕ್ಕಿನ ಫಲಿತಾಂಶ ಕಂಡರು.

ಇದು ಒಳ್ಳೆಯ ವಿಜ್ಞಾನ. ನಮ್ಮೂರಿನವರು ಹೆಮ್ಮೆಪಡಬೇಕಾದ ಕೆಲಸ. ಆದರೆ ಪ್ರಬಂಧ ಹೇಳಿದ್ದು ನೊಣದ ಬಗ್ಗೆ. ಫಾರ್ವರ್ಡ್ ಹೇಳುವುದು ನಿಮ್ಮ ತಾತನ ಬಗ್ಗೆ.

ನೊಣದಿಂದ ತಾತನವರೆಗೆ ಎಷ್ಟು ದೂರ?

ಮೊದಲನೆಯದು, ಗಾತ್ರ. 2024ರಲ್ಲಿ ಪ್ರಕಟವಾದ ಪೂರ್ಣ ನಕ್ಷೆಯ ಪ್ರಕಾರ ಹಣ್ಣಿನ ನೊಣದ ಮೆದುಳಿನಲ್ಲಿರುವುದು ಸುಮಾರು 1 ಲಕ್ಷ 39 ಸಾವಿರ ನರಕೋಶಗಳು. ನೊಣದ ಆಯಸ್ಸು ಎರಡು ತಿಂಗಳ ಆಸುಪಾಸು. ಮನುಷ್ಯನಲ್ಲಿ ಈ ಕಾಯಿಲೆ ಹತ್ತು, ಇಪ್ಪತ್ತು ವರ್ಷಗಳಷ್ಟು ನಿಧಾನವಾಗಿ ನಡೆಯುತ್ತದೆ.

ಎರಡನೆಯದು, ಸಮಯ. ಇದೇ ಮುಖ್ಯ. ನೊಣಕ್ಕೆ ವಿಷವನ್ನೂ ಬ್ರಾಹ್ಮಿಯನ್ನೂ ಒಟ್ಟಿಗೇ ಕೊಟ್ಟರು. ಮನೆಗೆ ಕಳ್ಳ ನುಗ್ಗುವಾಗಲೇ ಕಾವಲುಗಾರ ಬಾಗಿಲಲ್ಲಿದ್ದ ಹಾಗೆ. ಮನುಷ್ಯನಿಗೆ ಕಾಯಿಲೆ ಪತ್ತೆಯಾಗುವಾಗ ಕಳ್ಳ ಬಂದು ಅರ್ಧ ಮನೆ ಖಾಲಿ ಮಾಡಿರುತ್ತಾನೆ. ಸತ್ತ ಕೋಶವನ್ನು ಬ್ರಾಹ್ಮಿ ಬದುಕಿಸುತ್ತದೆ ಎಂದು ಆ ಪ್ರಬಂಧ ಹೇಳಿಲ್ಲ.

ಮೂರನೆಯದು, ಕಾರಣ. ನೊಣಕ್ಕೆ ಬಂದದ್ದು ಒಂದೇ ವಿಷದಿಂದ. ಮನುಷ್ಯನಲ್ಲಿ ವಯಸ್ಸು, ವಂಶವಾಹಿ, ಪರಿಸರ ಎಲ್ಲವೂ ಸೇರಿಕೊಂಡಿರುತ್ತವೆ. ಬಹುಪಾಲು ರೋಗಿಗಳಲ್ಲಿ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ಮೈಸೂರಿನದೇ ಇನ್ನೊಂದು ಉದಾಹರಣೆ: ಕ್ರಿಯಾಟಿನ್

ನೊಣದಲ್ಲಿ ಗೆದ್ದದ್ದು ಮನುಷ್ಯನಲ್ಲೂ ಗೆಲ್ಲಬೇಕೆಂದಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಜಿಮ್‌ಗೆ ಹೋಗುವ ಹುಡುಗರು ಪೌಡರ್ ರೂಪದಲ್ಲಿ ಕುಡಿಯುವ ಕ್ರಿಯಾಟಿನ್ ನಿಮಗೆ ಗೊತ್ತಿರಬಹುದು. ಅದು ಕೋಶಗಳ ಶಕ್ತಿ ಪೂರೈಕೆಗೆ ನೆರವಾಗುತ್ತದೆ. 2010ರಲ್ಲಿ ಹೊಸಮನಿ ಮತ್ತು ಮುರಳೀಧರ ಅವರು ಮೈಸೂರು ವಿಶ್ವವಿದ್ಯಾನಿಲಯದ ಎಸ್. ಆರ್. ರಮೇಶ್ ಅವರ ಜೊತೆ ಸೇರಿ ರೋಟಿನೋನ್ ತಿಂದ ನೊಣಗಳಿಗೆ ಕ್ರಿಯಾಟಿನ್ ಕೊಟ್ಟು ನೋಡಿದರು. ಅಲ್ಲೂ ಹಾನಿ ಕಡಿಮೆಯಾಯಿತು.

ಅದೇ ಸಮಯದಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಕ್ರಿಯಾಟಿನ್‌ನ ದೊಡ್ಡ ಮಾನವ ಪ್ರಯೋಗ ನಡೆಯುತ್ತಿತ್ತು. 1,741 ರೋಗಿಗಳು. ಅರ್ಧದಷ್ಟು ಜನರಿಗೆ ದಿನಕ್ಕೆ 10 ಗ್ರಾಂ ಕ್ರಿಯಾಟಿನ್, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಔಷಧವಿಲ್ಲದ ಪುಡಿ. ವರ್ಷಗಟ್ಟಲೆ ಗಮನಿಸಿದರು. 2013ರಲ್ಲಿ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು, ಯಾಕೆಂದರೆ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ಇದೊಂದೇ ಅಲ್ಲ. ಕೋಶಗಳನ್ನು ಕಾಪಾಡಬಹುದು ಎಂಬ ಆಸೆ ಹುಟ್ಟಿಸಿದ ಎಷ್ಟೋ ವಸ್ತುಗಳು ರೋಗಿಗಳ ಮೇಲೆ ಪರೀಕ್ಷಿಸಿದಾಗ ಸೋತಿವೆ:

• ವಿಟಮಿನ್ ಇ: 800 ರೋಗಿಗಳ ಪ್ರಯೋಗ, 1993ರ ವರದಿ. ಕಾಯಿಲೆಯ ವೇಗ ತಗ್ಗಲಿಲ್ಲ.
• ಕೋಎನ್‌ಜೈಮ್ ಕ್ಯು10: 600 ರೋಗಿಗಳು, 2014. ಪ್ರಯೋಜನವಿಲ್ಲ.
• ಕೆಫೀನ್: ಕಾಫಿ ಕುಡಿಯುವವರಲ್ಲಿ ಪಾರ್ಕಿನ್ಸನ್ ಕಡಿಮೆ ಎಂದು ಸಮೀಕ್ಷೆಗಳು ಹೇಳುತ್ತವೆ. ಆದರೆ ಕಾಯಿಲೆ ಬಂದ 121 ಜನರಿಗೆ ಕೆಫೀನ್ ಕೊಟ್ಟು ನೋಡಿದಾಗ ಚಲನೆಯ ತೊಂದರೆ ಕಡಿಮೆಯಾಗಲಿಲ್ಲ ಎಂದು 2017ರಲ್ಲಿ ಗೊತ್ತಾಯಿತು. ಫಿಲ್ಟರ್ ಕಾಫಿ ಕುಡಿಯಿರಿ, ಔಷಧವೆಂದು ಕುಡಿಯಬೇಡಿ.
• ಮಧುಮೇಹದ ಇಂಜೆಕ್ಷನ್‌ಗಳು: ಲಿಕ್ಸಿಸೆನಟೈಡ್ ಕೊಟ್ಟ 156 ಜನರ ಪ್ರಯೋಗದಲ್ಲಿ ಸ್ವಲ್ಪ ಭರವಸೆ ಕಂಡಿತು (2024). ಅದೇ ಗುಂಪಿಗೆ ಸೇರಿದ ಎಕ್ಸೆನಟೈಡ್ ಮಾತ್ರ ದೊಡ್ಡ ಪ್ರಯೋಗದಲ್ಲಿ ಸೋತಿತು (2025).

ಇವೆಲ್ಲಕ್ಕೂ ಮುಂಚೆ ಪ್ರಯೋಗಾಲಯದಲ್ಲಿ ಒಳ್ಳೆಯ ಸುದ್ದಿಯೇ ಇತ್ತು. ಬ್ರಾಹ್ಮಿ ಇನ್ನೂ ಆ ಮೊದಲ ಮೆಟ್ಟಿಲಲ್ಲಿದೆ. ಅದು ಪಾರ್ಕಿನ್ಸನ್ ಅನ್ನು ತಡೆಯುತ್ತದೆ ಎಂದು ತೋರಿಸಿದ ದೊಡ್ಡ ಮಾನವ ಪ್ರಯೋಗ ಇಲ್ಲ.

ಅಷ್ಟಕ್ಕೂ ಯಾವ ಬ್ರಾಹ್ಮಿ?

ಮೈಸೂರು ಸೀಮೆಯಲ್ಲಿ ಬ್ರಾಹ್ಮಿ ಎಂದರೆ ಬಹಳ ಜನರಿಗೆ ಕಣ್ಮುಂದೆ ಬರುವುದು ಒಂದೆಲಗ. ದೇವರಾಜ ಮಾರುಕಟ್ಟೆಯಲ್ಲಿ ಕಟ್ಟು ಕಟ್ಟಿ ಮಾರುವ, ಒಂದು ಕಾಂಡಕ್ಕೆ ಒಂದೇ ಗುಂಡನೆಯ ಎಲೆ ಇರುವ ಸೊಪ್ಪು. ಅದರ ತಂಬುಳಿ, ಚಟ್ನಿ ರುಚಿ. ಆದರೆ ಸಿಎಫ್‌ಟಿಆರ್‌ಐ ನೊಣಗಳಿಗೆ ಕೊಟ್ಟದ್ದು ಒಂದೆಲಗವಲ್ಲ, ನೀರು ಬ್ರಾಹ್ಮಿ. ಒದ್ದೆ ನೆಲದಲ್ಲಿ ಹಬ್ಬುವ, ಸಣ್ಣ ದಪ್ಪ ಎಲೆಯ, ಬಿಳಿ ಅಥವಾ ತಿಳಿನೀಲಿ ಹೂವಿನ ಬೇರೆಯೇ ಗಿಡ. ಎರಡರ ಕುಟುಂಬವೂ ಬೇರೆ, ಒಳಗಿನ ರಾಸಾಯನಿಕಗಳೂ ಬೇರೆ.

ಹಾಗಾಗಿ ಫಾರ್ವರ್ಡ್ ನಂಬಿ ಒಂದೆಲಗ ತಿನ್ನುವವರು ಆ ಸಂಶೋಧನೆಯ ಗಿಡವನ್ನೇ ತಿನ್ನುತ್ತಿಲ್ಲ! ಊಟದ ಜೊತೆ ಒಂದೆಲಗದ ತಂಬುಳಿ ತಿನ್ನುವುದಕ್ಕೆ ನಮ್ಮ ತಕರಾರಿಲ್ಲ. ಆದರೆ ಪುಡಿ, ಕ್ಯಾಪ್ಸೂಲ್ ಎಂದು ದಿನಾ ತೆಗೆದುಕೊಳ್ಳುವ ಮುಂಚೆ ಡಾಕ್ಟರಿಗೆ ಹೇಳಿ. ಹಿರಿಯರು ಆಗಲೇ ನಾಲ್ಕಾರು ಮಾತ್ರೆ ನುಂಗುತ್ತಿರುತ್ತಾರೆ, ಒಂದಕ್ಕೊಂದು ಹೊಂದದೆ ಹೋಗಬಹುದು.

ನಸುಗುನ್ನಿಯ ವಿಷಯ ಬೇರೆ

ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿಯ ಬೀಜ ಪಾರ್ಕಿನ್ಸನ್‌ಗೆ ಒಳ್ಳೆಯದು ಎಂಬ ಸಂದೇಶವೂ ಓಡಾಡುತ್ತದೆ. ಇದರಲ್ಲಿ ಬ್ರಾಹ್ಮಿಗಿಂತ ಹೆಚ್ಚು ನಿಜವಿದೆ, ಅದಕ್ಕೇ ಹೆಚ್ಚು ಎಚ್ಚರವೂ ಬೇಕು.

ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇದೆ ಎಂದು 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು ತೋರಿಸಿದ್ದರು. ಮೆದುಳಿನೊಳಗೆ ಹೋಗಿ ಡೋಪಮಿನ್ ಆಗಿ ಬದಲಾಗುವುದು ಇದೇ ಲೆವೊಡೋಪಾ. ಡಾಕ್ಟರು ಕೊಡುವ ಮಾತ್ರೆಯಲ್ಲಿ ಇರುವುದೂ ಇದೇ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ನಮ್ಮ ಸರ್ಪಗಂಧದಿಂದ ಸಿಗುವ ರೆಸರ್ಪಿನ್ ಅನ್ನು ಮೊಲಗಳಿಗೆ ಕೊಟ್ಟರು. ಅವು ಅಲ್ಲಾಡದೆ ಕುಳಿತವು. ಡೋಪಾ ಚುಚ್ಚಿದ ಮೇಲೆ ಮತ್ತೆ ಓಡಾಡಿದವು. ಅಲ್ಲಿಂದ ಇಂದಿನ ಚಿಕಿತ್ಸೆಗೆ ದಾರಿ ತೆರೆಯಿತು, ಕಾರ್ಲ್‌ಸನ್‌ರಿಗೆ 2000ದಲ್ಲಿ ನೊಬೆಲ್ ಬಂತು. ಗಿಡಮೂಲಿಕೆಗಳನ್ನು ನಾವು ಹಗುರವಾಗಿ ಕಾಣುತ್ತಿಲ್ಲ ಎಂಬುದು ಇದರಿಂದ ತಿಳಿಯಲಿ.

ಆದರೆ ಎರಡು ಮಾತು. ಒಂದು, ಲೆವೊಡೋಪಾ ಲಕ್ಷಣಗಳನ್ನು ತಗ್ಗಿಸುತ್ತದೆ, ಕೋಶಗಳ ಸಾವನ್ನು ನಿಲ್ಲಿಸುವುದಿಲ್ಲ. ನಸುಗುನ್ನಿಗೂ ಇದೇ ಅನ್ವಯ. ಎರಡು, ಅಂಗಡಿಯ ಪುಡಿಯಲ್ಲಿ ಅದು ಎಷ್ಟಿದೆ ಎಂದು ನಿಮಗೆ ಗೊತ್ತಾಗುವುದಿಲ್ಲ. ಮಾತ್ರೆಯ ಜೊತೆ ಗುಟ್ಟಾಗಿ ಪುಡಿಯನ್ನೂ ಕೊಟ್ಟರೆ ಡೋಸ್ ಹೆಚ್ಚಾಗಿ ವಾಂತಿ, ಬಿಪಿ ಇಳಿಯುವುದು, ಕೈಕಾಲು ತಾನಾಗಿ ತಿರುಚುವುದು, ಇಲ್ಲದ್ದು ಕಣ್ಣಿಗೆ ಕಾಣುವುದು ಎಲ್ಲ ಆಗಬಹುದು.

ಮಾತ್ರೆಯೇ ಮೆದುಳನ್ನು ಕೆಡಿಸುತ್ತದೆಯೇ?

ಇದು ಫಾರ್ವರ್ಡ್‌ಗಳ ಅತ್ಯಂತ ಅಪಾಯದ ಸಾಲು. ಲೆವೊಡೋಪಾ ಬೇಗ ಶುರುಮಾಡಿದರೆ ಕೋಶಗಳು ಬೇಗ ಸಾಯುತ್ತವೆ ಎಂಬ ಅನುಮಾನ ಒಂದು ಕಾಲಕ್ಕೆ ವೈದ್ಯರಲ್ಲೂ ಇತ್ತು. ಅದನ್ನು ಪರೀಕ್ಷಿಸಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ 445 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೂಡಲೇ, ಇನ್ನೊಂದಕ್ಕೆ 40 ವಾರ ತಡವಾಗಿ ಲೆವೊಡೋಪಾ ಶುರುಮಾಡಿದರು. 80 ವಾರಗಳ ಕೊನೆಗೆ ಎರಡು ಗುಂಪುಗಳೂ ಒಂದೇ ಸ್ಥಿತಿಯಲ್ಲಿದ್ದವು. 2019ರಲ್ಲಿ ಬಂದ ಈ ವರದಿಯ ಅರ್ಥ: ಮಾತ್ರೆ ಕಾಯಿಲೆಯನ್ನು ನಿಧಾನಗೊಳಿಸಲೂ ಇಲ್ಲ, ಉಲ್ಬಣಿಸಲೂ ಇಲ್ಲ. ಆದರೆ ಬೇಗ ಶುರುಮಾಡಿದವರು ಆ 40 ವಾರ ಹೆಚ್ಚು ಸರಾಗವಾಗಿ ಬದುಕಿದರು.

ವರ್ಷಗಳು ಕಳೆದಂತೆ ಮಾತ್ರೆಯ ಪರಿಣಾಮ ಏರುಪೇರಾಗುವುದು ನಿಜ. ಆಗ ಡೋಸ್, ಸಮಯ, ಜೊತೆಯ ಔಷಧಗಳನ್ನು ಡಾಕ್ಟರು ಬದಲಿಸುತ್ತಾರೆ. ನೀವಾಗಿ ದಿಢೀರ್ ನಿಲ್ಲಿಸಿದರೆ ಮೈ ಮರದಂತೆ ಬಿಗಿದು, ಜೋರು ಜ್ವರ ಬಂದು, ಪ್ರಜ್ಞೆ ತಪ್ಪಿ, ಜೀವಕ್ಕೇ ಕುತ್ತು ಬರಬಹುದು. "ಒಂದು ವಾರ ಸೊಪ್ಪು ತಿಂದು ನೋಡೋಣ, ಮಾತ್ರೆ ಪಕ್ಕಕ್ಕಿಡೋಣ" ಎಂಬ ಪ್ರಯೋಗವನ್ನು ಮನೆಯಲ್ಲಿ ಮಾಡಬೇಡಿ.

ಹಾಗಾದರೆ ನಮ್ಮ ಕೈಯಲ್ಲಿರುವುದೇನು?

1. ವ್ಯಾಯಾಮ. ಈಗಿರುವುದರಲ್ಲಿ ಹೆಚ್ಚು ಭರವಸೆ ಇದಕ್ಕೇ. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಇನ್ನೂ ಔಷಧ ಶುರುಮಾಡದ 128 ರೋಗಿಗಳ ಪೈಕಿ ಟ್ರೆಡ್‌ಮಿಲ್ ಮೇಲೆ ಬಿರುಸಾಗಿ ನಡೆದವರ ಚಲನೆಯ ಅಂಕ ಆರು ತಿಂಗಳು ಹೆಚ್ಚು ಕಡಿಮೆ ಹಾಗೇ ಉಳಿಯಿತು, ಉಳಿದವರದು ಹದಗೆಟ್ಟಿತು. 2019ರ ಡಚ್ ಅಧ್ಯಯನದಲ್ಲಿ ಮನೆಯಲ್ಲೇ ವ್ಯಾಯಾಮದ ಸೈಕಲ್ ತುಳಿದವರಿಗೂ ಲಾಭವಾಯಿತು. ಇದು ಕೋಶಗಳನ್ನೇ ಉಳಿಸುತ್ತದೆಯೇ ಎಂಬುದು ಸಾಬೀತಾಗಿಲ್ಲ, ಆದರೆ ರೋಗಿಗೆ ಉಪಯೋಗ ಆಗುವುದು ಖಚಿತ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಬಿರುಸು ನಡಿಗೆಗೆ ಖರ್ಚಿಲ್ಲ. ಬೀಳುವ ಭಯ ಇದ್ದರೆ ಮನೆಯವರು ಜೊತೆಗಿರಿ. ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

2. ಹೊಲದ ವಿಷ. ಪ್ಯಾರಾಕ್ವಾಟ್ ಕಳೆನಾಶಕ, ರೋಟಿನೋನ್‌ನಂಥವುಗಳ ಒಡನಾಟ ಇದ್ದವರಲ್ಲಿ ಪಾರ್ಕಿನ್ಸನ್ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ಫ್ರಾನ್ಸ್ 2012ರಲ್ಲಿ ಕೀಟನಾಶಕ ಬಳಸುವ ರೈತರ ಪಾರ್ಕಿನ್ಸನ್ ಅನ್ನು ವೃತ್ತಿಯಿಂದ ಬರುವ ಕಾಯಿಲೆ ಎಂದು ಒಪ್ಪಿತು. ಊರಲ್ಲಿ ಜಮೀನು ಇರುವವರು ಔಷಧಿ ಹೊಡೆಯುವಾಗ ಕೈಗವಸು, ಮಾಸ್ಕ್, ಪೂರ್ತಿ ತೋಳಿನ ಬಟ್ಟೆ ಹಾಕಿ. ಖಾಲಿ ಡಬ್ಬದಲ್ಲಿ ನೀರು ತುಂಬಿಡಬೇಡಿ. ಮೆದುಳಿನ ರಕ್ಷಣೆ ಎಂದು ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.

3. ತಲೆಸುತ್ತಿನ ಮಾತ್ರೆ. ಸಿನ್ನರಿಜಿನ್, ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಕೆಲವು ಮಾನಸಿಕ ಕಾಯಿಲೆಯ ಔಷಧಗಳು ಪಾರ್ಕಿನ್ಸನ್‌ನಂಥದೇ ಲಕ್ಷಣ ತರಬಲ್ಲವು. ಡಾಕ್ಟರು ಗುರುತಿಸಿ ಬದಲಿಸಿದರೆ ಬಹಳಷ್ಟು ಜನರಲ್ಲಿ ಅದು ಇಳಿಯುತ್ತದೆ. ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಅದೇ ಮಾತ್ರೆ ತರುತ್ತಿದ್ದರೆ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ನರರೋಗ ತಜ್ಞರಿಗೆ ತೋರಿಸಿ.

4. ಬೇಗ ಗುರುತಿಸುವುದು. ವಾಸನೆ ತಿಳಿಯದಿರುವುದು, ಬಹುಕಾಲದ ಮಲಬದ್ಧತೆ, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬೀಸುವುದು ನಡುಕಕ್ಕಿಂತ ವರ್ಷಗಳ ಮೊದಲೇ ಕಾಣಬಹುದು. ಇವಿದ್ದ ಮಾತ್ರಕ್ಕೆ ಪಾರ್ಕಿನ್ಸನ್ ಬಂತು ಎಂದು ಹೆದರಬೇಡಿ. ಹಾಗೆಯೇ ಕೈ ನಡುಗುವುದೆಲ್ಲ ಪಾರ್ಕಿನ್ಸನ್ ಅಲ್ಲ. ಲೋಟ ಎತ್ತುವಾಗ ಮಾತ್ರ ನಡುಗಿ, ಸುಮ್ಮನೆ ಕೂತಾಗ ನಿಲ್ಲುವ ನಡುಕ ಸಾಮಾನ್ಯವಾಗಿ ಬೇರೆ ಕಾರಣದ್ದು.

5. ದನಿ ಮತ್ತು ನುಂಗುವಿಕೆ. ಮಾತು ಪಿಸುಗುಟ್ಟಿದಂತಾದರೆ, ಊಟ ನೆತ್ತಿಗೇರುತ್ತಿದ್ದರೆ ಅದಕ್ಕೂ ತರಬೇತಿ ಇದೆ. ಈ ವಿಷಯದಲ್ಲಿ ಮೈಸೂರಿನವರು ಅದೃಷ್ಟವಂತರು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಮಾತು ಮತ್ತು ಶ್ರವಣದ ತೊಂದರೆಗಳಿಗೆ.

ಫಾರ್ವರ್ಡ್ ಒತ್ತುವ ಮುನ್ನ ನಾಲ್ಕು ಪ್ರಶ್ನೆ

• ಪ್ರಯೋಗ ಯಾರ ಮೇಲೆ ನಡೆಯಿತು? ನೊಣವೋ, ಇಲಿಯೋ, ಮನುಷ್ಯನೋ?
• ಕಾಯಿಲೆಗೆ ಮೊದಲೇ ಕೊಟ್ಟರೋ, ಬಂದ ಮೇಲೆ ಕೊಟ್ಟರೋ?
• ಲಕ್ಷಣ ಕಡಿಮೆಯಾಯಿತೋ, ಕಾಯಿಲೆಯೇ ನಿಂತಿತೋ? ಎರಡೂ ಒಂದಲ್ಲ.
• ಈಗಿನ ಮಾತ್ರೆ ನಿಲ್ಲಿಸಿ ಎನ್ನುತ್ತಿದೆಯೇ? ಹೌದಾದರೆ ಆ ಸಂದೇಶ ನಿಮ್ಮಲ್ಲೇ ನಿಲ್ಲಲಿ.

ಮೈಸೂರಿನ ಪ್ರಯೋಗಾಲಯದಲ್ಲಿ ಗಾಜಿನ ಗೋಡೆ ಹತ್ತಿದ ನೊಣಗಳು ಒಂದು ಒಳ್ಳೆಯ ಪ್ರಶ್ನೆಯನ್ನು ಎತ್ತಿವೆ. ಅದಕ್ಕೆ ಉತ್ತರ ಮನುಷ್ಯರ ಮೇಲಿನ ಪ್ರಯೋಗಗಳಿಂದಲೇ ಬರಬೇಕು. ಅಲ್ಲಿಯವರೆಗೆ ಮನೆಯ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಿ. ಬೆಳಿಗ್ಗೆ ಅವರ ಜೊತೆ ಅರ್ಧ ಗಂಟೆ ನಡೆಯಿರಿ. ಮಧ್ಯಾಹ್ನದ ಊಟಕ್ಕೆ ಬೇಕಿದ್ದರೆ ಒಂದೆಲಗದ ತಂಬುಳಿಯೂ ಇರಲಿ, ರುಚಿಗೆ.